ನಲವತ್ತೆರಡರಲ್ಲಿ ಸಿಕ್ಕ ಮಿಡತೆ ಮುಖದ ಹೀರೋ

ಚಿಕ್ಕಂದಿನಲ್ಲಿ ಜಪಾನಿನ ಟಿವಿ ಧಾರಾವಾಹಿ ಕಾಮೆನ್ ರೈಡರ್ ನೋಡಿಯೇ ಇಲ್ಲ, ಈಗ ವಯಸ್ಸು ಮೂವತ್ತೆಂಟು, ‘ಶಿನ್ ಕಾಮೆನ್ ರೈಡರ್’ ನೋಡಿದರೆ ಹಿಡಿಸುತ್ತಾ, ಇಲ್ಲಾ ಅದು ಮಕ್ಕಳ ಸಿನಿಮಾನಾ ಅಂತ ಕೇಳಿದ್ದೀರಿ.

ಧಾರಾಳವಾಗಿ ನೋಡಿ. ನಾನು ಮೊದಲು ನೋಡಿದಾಗ ನನಗೆ ನಲವತ್ತೆರಡು. ಆ ಹೆಸರು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ‘ಕಾಮೆನ್’ ಅಂದರೆ ಮುಖವಾಡ ಅಂತ ತಿಳಿದದ್ದೂ ಆಮೇಲೆ.

ಪ್ರೈಮ್ ವಿಡಿಯೋದಲ್ಲಿ ಹಾಕಿಕೊಂಡು, ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಾ ಕೂತಿದ್ದೆ. ಒಬ್ಬ ಹುಡುಗ, ಒಬ್ಬ ಹುಡುಗಿ ಬೈಕಿನಲ್ಲಿ ಓಡುತ್ತಿದ್ದಾರೆ, ಹಿಂದೆ ಲಾರಿಗಳು ಅಟ್ಟಿಸಿಕೊಂಡು ಬರುತ್ತಿವೆ. ಹುಡುಗಿ ಸಿಕ್ಕಿಬೀಳುತ್ತಾಳೆ. ಆ ಹುಡುಗನೇ ಮಿಡತೆ ಮುಖದ ಮುಖವಾಡ ಹಾಕಿಕೊಂಡು ಬಂದು ಹೊಡೆಯುತ್ತಾನೆ. ರಕ್ತ ಚಿಮ್ಮುತ್ತದೆ. ಇಂಥ ಸಿನಿಮಾಗಳಲ್ಲಿ ವಿಲನ್ ಕಡೆಯವರು ಒಂದೇ ಏಟಿಗೆ ಬೀಳುತ್ತಾರೆ, ಅವರನ್ನು ಅಲ್ಲಿಗೇ ಮರೆತುಬಿಡುತ್ತೇವೆ, ಅಲ್ವಾ? ಇಲ್ಲಿ ಹಾಗಲ್ಲ. ಹೊಡೆದವನು, ಅವನ ಹೆಸರು ಹೊಂಗೋ, ಆಮೇಲೆ ತನ್ನ ಕೈಗಳನ್ನೇ ನೋಡುತ್ತಾನೆ. ಗ್ಲೌಸ್‌ಗೆ ರಕ್ತ ಮೆತ್ತಿದೆ. ತೆಗೆದು ನೋಡಿದರೆ ಒಳಗಿರುವುದು ಮನುಷ್ಯರ ಕೈಯಲ್ಲ. ಅವನು ನಡುಗುತ್ತಾನೆ. ಸುಲಿಯುತ್ತಿದ್ದ ಕಾಯಿ ನನ್ನ ಕೈಯಲ್ಲೇ ಉಳಿಯಿತು. ಆ ರಾತ್ರಿ ಮತ್ತೆ ಮೊರ ಮುಟ್ಟಲಿಲ್ಲ.

ಆ ಮುಖವಾಡ ಹಾಕಿಕೊಂಡರೆ ಹೊಡೆಯಲು ಹಿಂಜರಿಕೆಯೇ ಇರುವುದಿಲ್ಲ. ಅದಕ್ಕೇ ಅವನಿಗೆ ಅದರ ಭಯ. ಅವನ ಅಪ್ಪ ಪೊಲೀಸ್. ಚಾಕು ಹಿಡಿದವನ ಎದುರು ಬಂದೂಕು ಬಳಸದೆ ಮಾತಿನಲ್ಲೇ ಒಲಿಸಲು ಹೋಗಿ ಸತ್ತವರು. ಅಪ್ಪ ತನ್ನ ಕೈಲಿದ್ದ ಬಲವನ್ನು ಯಾಕೆ ಬಳಸಲಿಲ್ಲ ಅನ್ನುವ ನೋವು ಮಗನಿಗೆ. ಈಗ ಅವನಿಗೇ ಬಲ ಬಂದಿದೆ, ಬಳಸಲು ಕೈ ಬರುತ್ತಿಲ್ಲ.

ನಮ್ಮಪ್ಪ ಯಾರಿಗೂ ಎದುರು ಮಾತಾಡಿದವರಲ್ಲ. ಒಮ್ಮೆ ನನ್ನೆದುರೇ ಅಂಗಡಿಯವನೊಬ್ಬ ಬಾಯಿಗೆ ಬಂದಂತೆ ಬೈದಾಗಲೂ ಸುಮ್ನೆ ಚೀಲ ಎತ್ತಿಕೊಂಡು ನಡೆದರು. ನನಗಾಗ ಹದಿನಾಲ್ಕು. ವಾರಗಟ್ಟಲೆ ಅವರ ಮೇಲೆ ಸಿಟ್ಟು. ಆ ವಯಸ್ಸಿನಲ್ಲಿ ಈ ಸಿನಿಮಾ ನೋಡಿದ್ದರೆ ಬೈಕು, ಹೊಡೆದಾಟ ಅಷ್ಟೇ ಕಾಣುತ್ತಿತ್ತು. ಈಗ ಅಪ್ಪ ಕಂಡರು. ಅದಕ್ಕೇ ಹೇಳುತ್ತಿದ್ದೇನೆ, ತಡವಾಗಿ ನೋಡುವುದರಿಂದ ನಿಮಗೆ ನಷ್ಟವಿಲ್ಲ.

ಅರ್ಥವಾಗುತ್ತಾ ಅಂದರೆ, ಹಳೆಯದು ಏನೂ ನೋಡಿರಬೇಕಿಲ್ಲ. ಇಷ್ಟು ಗೊತ್ತಿದ್ದರೆ ಸಾಕು: ಮೂಲ ಟಿವಿ ಧಾರಾವಾಹಿ ಶುರುವಾದದ್ದು 1971ರ ಏಪ್ರಿಲ್ 3ರಂದು. ಈ ಹೀರೋನನ್ನು ಸೃಷ್ಟಿಸಿದವರು ಶೋತಾರೋ ಇಶಿನೊಮೊರಿ. ಅವರು ಬರೆದ ಮಂಗಾದಲ್ಲಿ, ಅಂದರೆ ಜಪಾನಿ ಕಾಮಿಕ್ಸ್‌ನಲ್ಲಿ, ಸಿಟ್ಟು ಬಂದಾಗ ಹೊಂಗೋನ ಮುಖದ ಮೇಲೆ ಅವನ ಮೈಯನ್ನೇ ಬದಲಿಸಿದ ಆಪರೇಷನ್ನಿನ ಗಾಯದ ಗುರುತು ಎದ್ದು ಕಾಣುತ್ತದೆ. ಅದನ್ನು ಮುಚ್ಚಿಕೊಳ್ಳಲು ಅವನು ಮುಖವಾಡ ಹಾಕುತ್ತಾನೆ. ಅಂದರೆ ಈ ದುಃಖ 2023ರ ಸಿನಿಮಾದವರು ಹೊಸದಾಗಿ ತಂದದ್ದಲ್ಲ. ನಿರ್ದೇಶಕ ಹಿದೆಆಕಿ ಆನೋ ಹುಟ್ಟಿದ್ದು 1960ರಲ್ಲಿ, ಧಾರಾವಾಹಿ ಬಂದಾಗ ಅವರು ಹತ್ತು ವರ್ಷದ ಹುಡುಗ. ಆ ಹುಡುಗನ ಪ್ರೀತಿ ಇಡೀ ಸಿನಿಮಾದಲ್ಲಿ ಕಾಣುತ್ತದೆ.

ಪವರ್ ರೇಂಜರ್ಸ್ ನೋಡಿದ್ದೀರಾ? ಅದರ ಬೇರೂ ಇಲ್ಲೇ ಇದೆ. ಅದು ಹುಟ್ಟಿದ ಜಪಾನಿ ಸರಣಿಯನ್ನು 1975ರಲ್ಲಿ ಶುರುಮಾಡಿದವರೂ ಇದೇ ಇಶಿನೊಮೊರಿ. ದೂರದರ್ಶನದಲ್ಲಿ ಜೈಂಟ್ ರೋಬೋಟ್ ನೋಡಿದ ನೆನಪಿದ್ದರೆ, ಕಾಮೆನ್ ರೈಡರ್ ತೆಗೆದ ತೊಯೇ ಕಂಪನಿಯೇ ಅದನ್ನೂ ತೆಗೆದದ್ದು. ನಾವು ಪೂರ್ತಿ ಹೊರಗಿನವರೇನಲ್ಲ.

ಕೊರತೆಗಳೂ ಇವೆ. ವಿವರಣೆಯ ಮಾತು ಜಾಸ್ತಿ. ಸುರಂಗದ ಹೊಡೆದಾಟ ಎಷ್ಟು ಕತ್ತಲೆಯೆಂದರೆ ಯಾರು ಯಾರನ್ನು ಹೊಡೆಯುತ್ತಿದ್ದಾರೆ ಅಂತ ತಿಳಿಯಲಿಲ್ಲ. ಜಪಾನಿನಲ್ಲೇ ಇದಕ್ಕೆ ಪಿಜಿ 12, ಅಂದರೆ ಹನ್ನೆರಡು ತುಂಬದ ಮಕ್ಕಳ ವಿಷಯದಲ್ಲಿ ಹೆತ್ತವರು ಎಚ್ಚರ ವಹಿಸಬೇಕು ಅನ್ನುವ ರೇಟಿಂಗ್, ಕೊಟ್ಟಿದ್ದಾರೆ, ಹಾಗಾಗಿ ಚಿಕ್ಕ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ.

ಇನ್ನೊಂದು ಹೇಳಲೇಬೇಕು. 1971ರಲ್ಲಿ ಹೊಂಗೋ ಪಾತ್ರ ಮಾಡುತ್ತಿದ್ದ ಹಿರೋಶಿ ಫುಜಿಓಕಾ ಶೂಟಿಂಗ್‌ನಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರು. ಧಾರಾವಾಹಿ ನಿಲ್ಲಬಾರದು ಅಂತ ಎರಡನೇ ರೈಡರ್‌ನನ್ನು, ಇಚಿಮೊಂಜಿಯನ್ನು, ಕರೆತಂದರು. ಈ ಸಿನಿಮಾದಲ್ಲೂ ಇಚಿಮೊಂಜಿ ಬರುತ್ತಾನೆ, ಬಂದವನೇ ಹೊಂಗೋನ ಜೊತೆ ಕಾದಾಡುತ್ತಾನೆ. ಮೊದಲ ಸಲ ನೋಡಿದಾಗ ಅದು ಬರೀ ಹೊಡೆದಾಟ ಅಂದುಕೊಂಡಿದ್ದೆ. ಈ ಕತೆ ತಿಳಿದ ಮೇಲೆ ಮತ್ತೆ ಹಾಕಿ ನೋಡಿದೆ. ನೀವು ಆ ಜಾಗ ಬಂದಾಗ ಹೊಂಗೋನ ಕಾಲಿನ ಮೇಲೆ ಕಣ್ಣಿಟ್ಟಿರಿ.