ಲಂಕಾವಿ ರೇಸಿಗೆ ದುಡ್ಡು ಕಟ್ಟಾಗಿದೆ, ಮನೇಲಿ ಹೇಳಿಲ್ಲ

ಪ್ರಶ್ನೆ: ನಂಗೆ 41, ಮೈಸೂರು, ಸಾಫ್ಟ್‌ವೇರ್ ಕೆಲಸ. ಹೆಂಡ್ತಿ ಹೈಸ್ಕೂಲ್ ಟೀಚರ್, ಮಕ್ಕಳಿಗೆ 9 ಮತ್ತು 4 ವರ್ಷ. ಹೋದ ಸಲ ಗೋವಾದಲ್ಲಿ ಈಜು, ಸೈಕಲ್, ಓಟ ಮೂರನ್ನೂ ಒಂದೇ ದಿನ ಮಾಡೋ ಹಾಫ್ ಐರನ್‌ಮ್ಯಾನ್ 7 ಗಂಟೆ 52 ನಿಮಿಷಕ್ಕೆ ಮುಗಿಸಿದೆ. "ಆಯ್ತಲ್ಲ, ಇನ್ನು ಸಾಕು" ಅಂದ್ಲು, ನಾನೂ ಹೂಂ ಅಂದೆ. ಈಗ ಮಲೇಷ್ಯಾದ ಲಂಕಾವಿಯಲ್ಲಿ ನಡೆಯೋ ಫುಲ್ ಐರನ್‌ಮ್ಯಾನ್‌ಗೆ ದುಡ್ಡು ಕಟ್ಟಿ ಮೂರು ತಿಂಗಳಾಯ್ತು, ಅವಳಿಗೆ ಹೇಳಿಲ್ಲ. ಫಿಟ್‌ನೆಸ್‌ಗೆ ಅಂತ ಹೇಳ್ಕೊಂಡು ಟ್ರೇನಿಂಗ್ ಮಾಡ್ತಿದೀನಿ. ಅವಳನ್ನ ಒಪ್ಪಿಸೋದು ಹೇಗೆ? ನಾನು ಕುಡಿಯಲ್ಲ, ಸೇದಲ್ಲ, ಇದೊಂದೇ ಹುಚ್ಚು.

ಉತ್ತರ: ಕುಡಿಯಲ್ಲ ಸೇದಲ್ಲ ಅನ್ನೋ ಸರ್ಟಿಫಿಕೇಟನ್ನ ಮೊದಲು ಪಕ್ಕಕ್ಕಿಡಿ ಸ್ವಾಮಿ. ಕುಡಿಯೋರು ರಾತ್ರಿ ಹನ್ನೊಂದಕ್ಕೆ ಮನೆ ಬಿಟ್ಟಿರ್ತಾರೆ, ನೀವು ಬೆಳಗಿನ ಜಾವ ನಾಲ್ಕೂವರೆಗೆ ಬಿಡ್ತೀರ, ಮನೇಲಿರೋರಿಗೆ ಎರಡೂ ಖಾಲಿ ಹಾಸಿಗೇನೇ.

ಬೈತಿದೀನಿ ಅಂದ್ಕೋಬೇಡಿ, ನಾನೂ ಇದೇ ಜಾತಿ. ಗೋವಾದ ಮಿರಾಮಾರ್ ಬೀಚಲ್ಲಿ 1.9 ಕಿಲೋಮೀಟರ್ ಈಜಕ್ಕೆ ಇಳಿದು, ಪೂಲಲ್ಲಿ ಮೀನಿನ ಥರ ಇದ್ದೋಳು ಅಲೆ ಬಾಯಿಗೆ ಬಡಿದ ತಕ್ಷಣ ಗಾಬರಿಯಾಗಿ, ದಡ ಮುಟ್ಟೋ ಹೊತ್ತಿಗೆ ಈಜಿಗೆ ಕೊಟ್ಟಿದ್ದ ಟೈಮು, ಅಂದ್ರೆ ಕಟ್‌ಆಫ್ ಮುಗಿದಿತ್ತು. ಕಾಲಿಗೆ ಕಟ್ಟಿದ್ದ ಟೈಮಿಂಗ್ ಚಿಪ್ ಬಿಚ್ಚಿಸ್ಕೊಂಡ್ರು. 90 ಕಿಲೋಮೀಟರ್ ಸೈಕಲ್ಲೂ ಇಲ್ಲ 21 ಕಿಲೋಮೀಟರ್ ಓಟವೂ ಇಲ್ಲ, ಒದ್ದೆ ಬಟ್ಟೇಲಿ ಮರಳ ಮೇಲೆ ಕೂತು ಅತ್ತೆ. ಪಕ್ಕದಲ್ಲಿ ನಮ್ಮನೆಯವರು ಚಿತ್ರಾನ್ನದ ಡಬ್ಬಿ ಹಿಡ್ಕೊಂಡು ಏನು ಹೇಳೋದು ಗೊತ್ತಾಗದೆ ಕೂತಿದ್ರು. ಎರಡು ವರ್ಷ ಬಿಟ್ಟು ಮತ್ತೆ ಹೋಗಿ ಮುಗಿಸಿದೆ. ಹಾಗಾಗಿ ಹುಚ್ಚು ಬಿಡಿ ಅಂತ ನಾನಂತೂ ಹೇಳಲ್ಲ.

ನಿಮ್ಮ ಕಾಗದ ನಾಲ್ಕು ಪುಟ ಇತ್ತು, ಜಾಗ ಇಲ್ಲ ಅಂತ ಮೇಲೆ ಮೊಟಕು ಮಾಡಿದೀನಿ. ಅದರಲ್ಲಿ ನಿಮ್ಮ ಎಫ್‌ಟಿಪಿ (ಒಂದು ಗಂಟೆ ಹೊತ್ತು ಎಷ್ಟು ಜೋರಾಗಿ ಪೆಡಲ್ ತುಳಿಬಲ್ಲಿರಿ ಅನ್ನೋ ಅಳತೆ) ಎಷ್ಟು ವ್ಯಾಟ್ ಅಂತ ಇದೆ, ಟೈರಿಗೆ ಎಷ್ಟು ಗಾಳಿ ಹಾಕ್ತೀರ ಅಂತ ಇದೆ. ಹೆಂಡ್ತಿ ಬಗ್ಗೆ ಎಷ್ಟು ಹುಡುಕಿದ್ರೂ ಟೀಚರ್ ಅನ್ನೋದೊಂದು, ಒಪ್ಪಲ್ಲ ಅನ್ನೋದೊಂದು, ಅಷ್ಟೇ. ಮತ್ತೆ ಮಂಡ್ಯದ ಕಥೆ. ನಾದಿನಿ ಮನೆ ಗೃಹಪ್ರವೇಶಕ್ಕೆ ನೀವು ಮೈಸೂರಿಂದ ಸೈಕಲ್ಲಲ್ಲೇ ಹೋದ್ರಿ, "ಟ್ರೇನಿಂಗೂ ಆಯ್ತು, ಫಂಕ್ಷನ್ನೂ ಆಯ್ತು" ಅಂತ ಖುಷಿಯಿಂದ ಬರೆದಿದೀರ. ಅವತ್ತು ನಿಮ್ಮ ಹೆಂಡ್ತಿ ರೇಷ್ಮೆ ಸೀರೆ ಉಟ್ಕೊಂಡು, ಒಂದು ಕೈಲಿ ನಾಲ್ಕು ವರ್ಷದ ಮಗು, ಇನ್ನೊಂದು ಕೈಲಿ ನಿಮ್ಮ ಪಂಚೆ ಶರ್ಟಿನ ಬ್ಯಾಗು ಹಿಡ್ಕೊಂಡು ಬಸ್ಸಲ್ಲಿ ಬಂದ್ರು ಅನ್ನೋದು ಎರಡು ಸಾಲು ಆದ್ಮೇಲೆ ಹಾಗೇ ಬಂದುಹೋಗುತ್ತೆ. ಟೈಟ್ ಚಡ್ಡಿ ಹಾಕ್ಕೊಂಡು ಬೆವರು ಸುರಿಸ್ಕೊಂಡು ಹೊಸ ಮನೆ ಬಾಗಿಲಲ್ಲಿ ನಿಂತ ಭಾವನನ್ನ ನೋಡಿ ನೆಂಟರು ಏನಂದ್ರು, ಅದಕ್ಕೆ ಅವ್ರು ಏನು ಉತ್ತರ ಕೊಟ್ರು ಅಂತ ಒಂದಿನ ಕೇಳಿ ನೋಡಿ.

ಹಾಫ್‌ಗೂ ಫುಲ್‌ಗೂ ಲೆಕ್ಕ ಬರೀ ಡಬಲ್ ಅಲ್ಲ ಅಂತ ನಿಮಗೇ ಗೊತ್ತು. 3.8 ಕಿಲೋಮೀಟರ್ ಈಜು ಅಂದ್ರೆ 50 ಮೀಟರ್ ಪೂಲಲ್ಲಿ 76 ಲೆಂತ್. 180 ಕಿಲೋಮೀಟರ್ ಸೈಕಲ್, ಅಂದ್ರೆ ಮೈಸೂರು ರಿಂಗ್ ರೋಡ್ ನಾಲ್ಕು ಸುತ್ತು ಹೊಡೆದ್ರೂ ಇನ್ನೊಂದು ಸ್ವಲ್ಪ ಉಳಿಯುತ್ತೆ, ಆಮೇಲೆ ಇಳಿದು ಅದೇ ರಿಂಗ್ ರೋಡ್ ಒಂದು ಸುತ್ತು ಓಡಿದ ಹಾಗೆ 42.2. ಅದೂ ಲಂಕಾವಿಯ ಸೆಕೆಲಿ. ಗೋವಾಗೆ ವಾರಕ್ಕೆ ಎಂಟೊಂಬತ್ತು ಗಂಟೇಲಿ ಮ್ಯಾನೇಜ್ ಆಗಿರಬಹುದು, ಇದಕ್ಕೆ ಕೊನೆ ಮೂರು ತಿಂಗಳು ಹದಿಮೂರು ಹದಿನಾಲ್ಕು ಬೇಕು. ಭಾನುವಾರ ಐದಾರು ಗಂಟೆ ಸೈಕಲ್ ತುಳಿದು, ಇಳಿದ ತಕ್ಷಣ ಕಾಲು ಇಟ್ಟಿಗೆ ಆಗಿರೋವಾಗ್ಲೇ ಅರ್ಧ ಗಂಟೆ ಓಡಿ, ಮನೆಗೆ ಬಂದು ಸಾರನ್ನ ಬಾರಿಸಿ ಸಂಜೆವರೆಗೂ ಸೋಫಾದಲ್ಲಿ ಹೆಣದ ಥರ ಬಿದ್ದಿರ್ತೀರ. ಗಡಿಯಾರದಲ್ಲಿ ಬರೀ ತುಳಿದ ಗಂಟೆ ಓಡಿದ ಗಂಟೆ ದಾಖಲಾಗುತ್ತೆ, ಸೋಫಾದ ಗಂಟೆ ಆಗಲ್ಲ. ಆ ಹೊತ್ತಲ್ಲಿ ಮಕ್ಕಳ ಹೋಮ್‌ವರ್ಕು, ನಿಮ್ಮ ನಾತ ಹೊಡಿಯೋ ಬಟ್ಟೆ, ಅವ್ರದ್ದೇ ಉತ್ತರಪತ್ರಿಕೆ ಕಟ್ಟು, ಎಲ್ಲಾ ಯಾರ ತಲೆ ಮೇಲೆ? ಅವ್ರ ಭಾನುವಾರನೂ ಸೇರಿಸಿ ನೀವು ಲಂಕಾವಿಗೆ ಕಟ್ಟಿದೀರ, ರಸೀದಿ ಮಾತ್ರ ನಿಮ್ಮ ಹೆಸರಿಗೆ.

ಒಂದು ತಮಾಷೆ ಹೇಳ್ತೀನಿ. ಈ ಐರನ್‌ಮ್ಯಾನನ್ನ 1978ರಲ್ಲಿ ಹವಾಯಿಯಲ್ಲಿ ಶುರು ಮಾಡಿದ್ದೇ ಗಂಡ ಹೆಂಡ್ತಿ, ಜಾನ್ ಕಾಲಿನ್ಸ್ ಮತ್ತೆ ಜೂಡಿ ಕಾಲಿನ್ಸ್. ಮೊದಲ ರೇಸಲ್ಲಿ 15 ಜನ ಹೊರಟು 12 ಜನ ಮುಗಿಸಿದ್ರು. ಹಾಗಂತ ನಿಮ್ಮನೆಯವ್ರನ್ನೂ ನಾಳೆಯಿಂದ ಪೂಲಿಗೆ ಎಳ್ಕೊಂಡು ಹೋಗಿ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಆ ತಪ್ಪು ಮಾಡ್ಬೇಡಿ, ನನಗೆ ಗೊತ್ತಿರೋ ಒಬ್ರು ಮಾಡಿದ್ರು.

ಇನ್ನು ಮುಚ್ಚಿಟ್ಟಿರೋ ವಿಷ್ಯ. ರಿಜಿಸ್ಟ್ರೇಷನ್ ಮಾಡೋವಾಗ ಎಮರ್ಜೆನ್ಸಿ ಕಾಂಟ್ಯಾಕ್ಟ್ ಕೇಳ್ತಾರಲ್ಲ, ಯಾರ ನಂಬರ್ ಹಾಕಿದ್ರಿ? ಅವ್ರದ್ದೇ ಹಾಕಿರ್ತೀರ. ಅಂದ್ರೆ ಆಯೋಜಕರ ಹತ್ರ ಅವ್ರ ಹೆಸರಿದೆ, ಅವ್ರಿಗೇ ಗೊತ್ತಿಲ್ಲ. ಇದು ಬರೀ ಸುಳ್ಳಿನ ಪ್ರಶ್ನೆನೂ ಅಲ್ಲ. ಕತ್ತಲಲ್ಲಿ ಒಬ್ರೇ ಹೈವೇಲಿ ನಂಜನಗೂಡಿನ ಕಡೆ ಹೋಗಿರ್ತೀರ, ಮನೇಲಿ "ಇಲ್ಲೇ ಕುಕ್ಕರಹಳ್ಳಿ ಕೆರೆ ಸುತ್ತ" ಅಂದಿರ್ತೀರ. ಲಾರಿ ತಗುಲಿದ್ರೆ ಅವ್ರು ಎಲ್ಲಿ ಹುಡುಕಬೇಕು? ಉದ್ದದ ರೈಡಲ್ಲಿ ಉಪ್ಪಿಲ್ಲದೆ ಬರೀ ನೀರು ಕುಡಿದು ಕುಡಿದು ಸೋಡಿಯಂ ಇಳಿದು ತಲೆ ಕೆಟ್ಟು ಎಲ್ಲೋ ಕೂತ್ರೆ? ಮನೇಲಿ ಒಬ್ರಿಗೆ ನಿಜವಾದ ರೂಟ್ ಗೊತ್ತಿರಬೇಕು, ಲೈವ್ ಲೊಕೇಶನ್ ಹೋಗ್ತಿರಬೇಕು.

ಅದಕ್ಕೇ ಒಪ್ಪಿಸೋದು ಹೇಗೆ ಅಂತ ನನ್ನ ಕೇಳ್ಬೇಡಿ. ಈ ವಾರ ಮಕ್ಕಳು ಮಲಗಿದ ಮೇಲೆ, ಗಡಿಯಾರ ಬಿಚ್ಚಿಟ್ಟು, ಕಟ್ಟಿದ ದುಡ್ಡು, ಟಿಕೆಟ್ಟು, ಸೈಕಲ್ ಪ್ಯಾಕ್ ಮಾಡೋ ಬಾಕ್ಸಿನ ಖರ್ಚು, ವಾರದ ಗಂಟೆಗಳು, ಎಲ್ಲಾ ಒಂದು ಹಾಳೇಲಿ ಬರೆದು ಮುಂದಿಡಿ, ಅವ್ರು ಲೆಕ್ಕ ನೋಡೋ ಟೀಚರ್ ಅಲ್ವಾ. "ನಿನಗೋಸ್ಕರಾನೇ ಫಿಟ್ ಆಗಿದೀನಿ" ಅನ್ನೋ ಡೈಲಾಗ್ ಮಾತ್ರ ಬೇಡ. ಬೈಯ್ತಾರೆ, ಬೈಸ್ಕೊಳಿ. ಎರಡು ದಿನ ಮಾತು ಬಿಟ್ರೆ ಆ ಎರಡು ದಿನ ಸೈಕಲ್ ಮುಟ್ಬೇಡಿ. ಅವ್ರು ಈ ವರ್ಷ ಬೇಡ ಅಂದ್ರೆ ಬೇಡ. ಮುಂದೂಡಕ್ಕೆ, ಹಣ ವಾಪಸ್ ಪಡಿಯಕ್ಕೆ ಏನು ನಿಯಮ ಅಂತ ನಿಮಗೆ ಬಂದಿರೋ ಇಮೇಲಲ್ಲಿ ನೋಡಿ, ಏನೂ ವಾಪಸ್ ಬರ್ಲಿಲ್ಲ ಅಂದ್ರೂ ಹೋಗ್ಲಿ. ನನ್ನ ಕೇಳಿದ್ರೆ, ಚಿಕ್ಕದಕ್ಕೆ ಆರೇಳು ವರ್ಷ ಆಗೋವರೆಗೂ ಗೋವಾನೇ ಸಾಕು. 7:52ನ ಏಳರೊಳಗೆ ತರೋದು ಏನು ಸಣ್ಣ ಕೆಲಸವಾ?

ಅವ್ರು ಹೂಂ ಅಂದ್ರೆ, ಭಾನುವಾರದ ಲಾಂಗ್ ರೈಡನ್ನ ತಿಂಗಳಲ್ಲಿ ಎರಡು ಸಲ ಮನೇಲೇ ಟ್ರೇನರ್, ಅಂದ್ರೆ ಸೈಕಲ್ ನಿಲ್ಲಿಸಿ ತುಳಿಯೋ ಸ್ಟ್ಯಾಂಡ್ ಮೇಲೆ ಮುಗಿಸಿ. ಉಳಿದೆರಡು ಭಾನುವಾರ ಬೆಳಗ್ಗೆ ಎಂಟರಿಂದ ಮಕ್ಕಳು ನಿಮ್ಮ ಜೊತೆ, ಅವ್ರು ಎಲ್ಲಿಗೆ ಹೋಗ್ತಾರೆ ಅಂತ ಕೇಳೋ ಹಾಗಿಲ್ಲ.

ಮೊಣಕಾಲಿನ ಹೊರಮಗ್ಗುಲು ನೋವು ಅಂತ ಕೊನೇಲಿ ಸೇರಿಸಿದೀರ. ಸೀಟ್ ಜಾಸ್ತಿ ಮೇಲಿದ್ರೆ, ಶೂ ಅಡಿಯಿಂದ ಪೆಡಲಿಗೆ ಸಿಕ್ಕಿಸೋ ಕ್ಲೀಟ್ ಸೊಟ್ಟ ಇದ್ರೆ ಹಾಗಾಗೋದುಂಟು, ಸೈಕಲ್ಲನ್ನ ಮೈ ಅಳತೆಗೆ ಹೊಂದಿಸೋ ಬೈಕ್ ಫಿಟ್ ಮಾಡಿಸಿ, ಫಿಸಿಯೋನ ನೋಡಿ. 41ಕ್ಕೆ ಫುಲ್ ಮಾಡೋಕೆ ಹೊರಟೋರು ಹೃದಯದ ಚೆಕಪ್ಪೂ ಮಾಡಿಸ್ಕೋಬೇಕು. ಡಾಕ್ಟರ್ ಹತ್ರ ಹೋಗೋವಾಗ ಮನೆಯವ್ರನ್ನೂ ಕರ್ಕೊಂಡು ಹೋಗಿ, ಬಸ್ಸಲ್ಲಲ್ಲ.