ನಮ್ಮ ಮದುವೆ ದಿನ ಗುರುವಾರ ಬಿದ್ದರೆ ಮಾತ್ರ ಸಂಭ್ರಮ

"ರಿಜಿಸ್ಟರ್ ಮದುವೆ ಮಾಡಿಕೊಳ್ಳೋಣ ಅಂತಿದ್ದೇವೆ. ಮುಂದೆ ನೆನೆಸಿಕೊಳ್ಳೋಕೆ ಏನೂ ಉಳಿಯಲ್ಲ ಅಂತ ಮನೆಯವರು ಹೆದರಿಸುತ್ತಾರೆ. ಸಾಲದ್ದಕ್ಕೆ ನಮ್ಮಿಬ್ಬರ ಇಷ್ಟಗಳು ಒಂದಕ್ಕೊಂದು ಸೇರುವುದೇ ಇಲ್ಲ. ಹೀಗೆ ಮದುವೆಯಾದವರು ಇಲ್ಲಿ ಯಾರಾದರೂ ಇದ್ದೀರಾ?" ಅಂತ ಕೇಳಿದ್ದೀರಿ.

ಇದ್ದೇನೆ. ಬರುವ ಜೂನ್ 14, 2026ಕ್ಕೆ ನಮಗೆ 25 ತುಂಬುತ್ತದೆ.

ಮೊದಲು ನೆನಪಿನ ವಿಷಯ. ನಮ್ಮ ಮದುವೆಗೆ ಇದ್ದದ್ದು ನಮ್ಮಿಬ್ಬರನ್ನೂ ಸೇರಿಸಿ ಒಂಬತ್ತು ಜನ. ಕಚೇರಿಯಲ್ಲಿ ನಾಲ್ಕು ಜನ ಕೂರುವ ಒಂದು ಬೆಂಚು. ಉಳಿದವರು ಗೋಡೆಗೆ ಒರಗಿ ನಿಂತಿದ್ದರು. ನಮ್ಮ ಸರದಿ ಬಂದಾಗ ಮಧ್ಯಾಹ್ನ ದಾಟಿತ್ತು. ಮೇಜಿನ ಮೇಲೆ ದಾರ ಕಟ್ಟಿದ ಒಂದು ನೀಲಿ ಪೆನ್ನು. ಇವರು ಅದರಲ್ಲಿ ಸರಾಗವಾಗಿ ಸಹಿ ಮಾಡಿ ನನ್ನ ಕಡೆ ತಳ್ಳಿದರು. ನಾನು ಅರ್ಧ ಹೆಸರು ಬರೆಯುವಷ್ಟರಲ್ಲಿ ಇಂಕು ಮುಗಿಯಿತು. ಕೊಡವಿದೆ. ಅಂಗೈ ಮೇಲೆ ಗೀಚಿದೆ. ಅಲ್ಲಿ ಎರಡು ಗೆರೆ ಮೂಡಿತು, ಕಾಗದಕ್ಕೆ ಬಂದರೆ ಮತ್ತೆ ಮುಷ್ಕರ. "ಅರ್ಧ ಸಹಿ ನಡೆಯಲ್ಲ ಮೇಡಂ" ಅಂತ ಗುಮಾಸ್ತರು. ಹಿಂದೆ ಸಾಲಿನಲ್ಲಿ ನಿಂತಿದ್ದ ಯಾರೋ ಅಪರಿಚಿತರು, "ಇನ್ನೂ ಟೈಮಿದೆ, ಯೋಚನೆ ಮಾಡಿ" ಅಂದರು. ಇಡೀ ಕೋಣೆ ನಕ್ಕಿತು. ಬೆಳಗ್ಗಿನಿಂದ ಮುಖ ಗಂಟಿಕ್ಕಿಕೊಂಡಿದ್ದ ನಮ್ಮಪ್ಪನೂ ನಕ್ಕರು. ಕೊನೆಗೆ ನನ್ನ ತಮ್ಮ ಜೇಬಿನಿಂದ ಕಪ್ಪು ಪೆನ್ನು ತೆಗೆದುಕೊಟ್ಟ. ಹಾಗಾಗಿ ಆ ರಿಜಿಸ್ಟರಿನಲ್ಲಿ ನನ್ನ ಹೆಸರು ಇವತ್ತಿಗೂ ಅರ್ಧ ನೀಲಿ, ಅರ್ಧ ಕಪ್ಪು.

36 ಫೋಟೋ ಬರುವ ರೀಲು ಹಾಕಿದ್ದೆವು. ಸರಿಯಾಗಿ ಕೂರಿಸಿರಲಿಲ್ಲವೋ ಏನೋ, ತೊಳೆಸಿದಾಗ ಬಂದದ್ದು ಮೂರೇ. ಒಂದರಲ್ಲಿ ಎಲ್ಲರೂ ಪೆನ್ನನ್ನೇ ನೋಡುತ್ತಿದ್ದೇವೆ. ನನ್ನ ಅಂಗೈ ಮೇಲಿನ ನೀಲಿ ಗೀಟು ಕೂಡ ಕಾಣುತ್ತದೆ. ದೊಡ್ಡದಾಗಿ ಮದುವೆಯಾದ ನನ್ನ ಅಕ್ಕನನ್ನು ಆ ದಿನ ಏನು ನೆನಪಿದೆ ಅಂತ ಕೇಳಿದರೆ "ಕಾಲು ನೋವು" ಅಂತಾಳೆ. ಅವಳ ಆಲ್ಬಂ ಎತ್ತಲು ಎರಡು ಕೈ ಬೇಕು.

ಈಗ ವಾರ್ಷಿಕೋತ್ಸವ. ಶುರುವಿನಲ್ಲಿ ನಾವೂ ಪದ್ಧತಿ ಪ್ರಕಾರವೇ ಹೊರಟಿದ್ದೆವು. ಮೊದಲ ವರ್ಷಕ್ಕೆ ಕಾಗದ, ಎರಡನೆಯದಕ್ಕೆ ಹತ್ತಿ, ಮೂರಕ್ಕೆ ಚರ್ಮ, ಐದಕ್ಕೆ ಮರ ಅಂತ ಉಡುಗೊರೆಗಳ ಒಂದು ಪಟ್ಟಿ ಇದೆಯಲ್ಲ, ಇವರು ಅದನ್ನು ಎಲ್ಲೋ ಓದಿಕೊಂಡು ಬಂದಿದ್ದರು. ಮೊದಲ ವರ್ಷ ನನಗೆ 200 ಪುಟದ ಒಂದು ನೋಟ್‌ಬುಕ್ ಬಂತು. ಎರಡನೇ ವರ್ಷ ಒಂದು ಟವೆಲ್. ಅದನ್ನು ಮರುದಿನದಿಂದ ಇವರೇ ಬಳಸತೊಡಗಿದರು. ಮೂರನೇ ವರ್ಷಕ್ಕೆ ಪಟ್ಟಿಯನ್ನೇ ಕೈಬಿಟ್ಟೆವು. ಇಷ್ಟು ಉದ್ದದ ಪಟ್ಟಿಯನ್ನು 1937ರಲ್ಲಿ ಹೊರಡಿಸಿದ್ದು ಅಮೆರಿಕದ ಆಭರಣ ವ್ಯಾಪಾರಿಗಳ ಸಂಘ ಅಂತ ಆಮೇಲೆ ಗೊತ್ತಾಯಿತು. ಮಾರುವವರೇ ಮಾಡಿದ ಪಟ್ಟಿ! ಅದಕ್ಕೇ ಖಾಲಿ ಬಿಟ್ಟ ವರ್ಷಗಳು ಕಡಿಮೆ.

ನಂತರ ಒಂದೆರಡು ವರ್ಷ ಏನೂ ಮಾಡಲಿಲ್ಲ. 2007ರ ಜೂನ್ 14ರ ಬೆಳಗ್ಗೆ ಇವರು ಕ್ಯಾಲೆಂಡರ್ ಮುಂದೆ ನಿಂತು, "ಅರೆ, ಇವತ್ತು ಗುರುವಾರ ಕಣೇ" ಅಂದರು. ನಾವು ಸಹಿ ಹಾಕಿದ್ದೂ ಗುರುವಾರವೇ. ಅವತ್ತು ಇಬ್ಬರೂ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲೇ ಇದ್ದೆವು. ಆವತ್ತಿನಿಂದ ತಾರೀಖು ಮತ್ತು ವಾರ ಎರಡೂ ಕೂಡಿದರೆ ಮಾತ್ರ ಆಚರಣೆ ಅಂತ ನಿಯಮ ಮಾಡಿಕೊಂಡೆವು.

ಲೆಕ್ಕ ಸುಲಭ. ವರ್ಷಕ್ಕೆ 365 ದಿನ, ಅಂದರೆ 52 ವಾರ ಮತ್ತು ಒಂದು ದಿನ. ಹಾಗಾಗಿ ಯಾವುದೇ ತಾರೀಖು ಪ್ರತಿ ವರ್ಷ ಒಂದು ವಾರದ ದಿನ ಮುಂದೆ ಹೋಗುತ್ತದೆ. ನಡುವೆ ಫೆಬ್ರವರಿ 29 ಬಂದರೆ ಎರಡು. ನಮ್ಮ ಗುರುವಾರ 2007ರ ನಂತರ 2012ಕ್ಕೆ ಬಂತು, ಆಮೇಲೆ 2018ಕ್ಕೆ. ಮುಂದಿನದು 2024ಕ್ಕೆ ಅಂತ ನಾನು ಬೆರಳು ಮಡಚಿ ಖುಷಿಪಟ್ಟಿದ್ದೆ. ಆದರೆ ಅದು ಅಧಿಕ ವರ್ಷ. 2023ರಲ್ಲಿ ಬುಧವಾರ ಇದ್ದದ್ದು 2024ರಲ್ಲಿ ನೇರ ಶುಕ್ರವಾರಕ್ಕೆ ಹಾರಿತು. ಗುರುವಾರ ಕಾಲ ಕೆಳಗಿಂದ ನುಸುಳಿಹೋಯಿತು. ಇನ್ನು 2029ಕ್ಕೇ. ಒಟ್ಟು 28 ವರ್ಷದಲ್ಲಿ ನಾಲ್ಕೇ ಸಲ. ನೀವಿನ್ನೂ ದಿನ ಗೊತ್ತು ಮಾಡಿಲ್ಲ ಅಂದಿರಿ, ಅದಕ್ಕೆ ಒಂದು ಮಾತು: ಫೆಬ್ರವರಿ 29ರ ತಂಟೆಗೆ ಹೋಗಬೇಡಿ. 2000ದಲ್ಲಿ ಆ ದಿನ ಮಂಗಳವಾರ. ಅದೇ ತಾರೀಖು ಮತ್ತೆ ಮಂಗಳವಾರ ಬೀಳುವುದು 2028ಕ್ಕೆ!

ಆ ಗುರುವಾರಗಳಂದು ಮಾಡುವುದು ಜಾಸ್ತಿ ಏನಿಲ್ಲ. ಫೋನ್ ಆಫ್ ಮಾಡುತ್ತೇವೆ. ಮೊದಲ ವರ್ಷದ ನೋಟ್‌ಬುಕ್ ತೆಗೆದು, ಇಬ್ಬರಿಗೂ ನಿಜವಾಗಿ ಇಷ್ಟವಿರುವ ಸಂಗತಿಗಳನ್ನು ಬರೆಯುತ್ತೇವೆ. ಒಬ್ಬರು ಸುಮ್ನೆ ಒಪ್ಪಿಕೊಂಡದ್ದು ಲೆಕ್ಕಕ್ಕಿಲ್ಲ. ಇಲ್ಲಿಗೆ ನಿಮ್ಮ ಎರಡನೇ ಚಿಂತೆ ಬಂತು, ಅಲ್ವಾ?

2007ರ ಪುಟದಲ್ಲಿ ಇರುವುದು ನಾಲ್ಕೇ ಸಾಲು. ಕಿಟಕಿ ತೆರೆದು ಮಲಗುವುದು. ಬೆಳಗ್ಗೆ ಯಾರೂ ಮಾತಾಡದ ಅರ್ಧ ಗಂಟೆ. ಹಳೆಯ ನಕ್ಷೆಗಳು. ಸಮಾರಂಭಗಳಿಂದ ಬೇಗ ಹೊರಡುವುದು. ಆರು ವರ್ಷ ಒಂದೇ ಮನೆಯಲ್ಲಿದ್ದವರ ಸಂಪಾದನೆ ಇಷ್ಟು! ನನಗೆ ದಪ್ಪ ಕಾದಂಬರಿ ಬೇಕು. ಇವರು ಪತ್ತೇದಾರಿ ಕಥೆ ಓದುತ್ತಾರೆ, ಅದೂ ಕೊನೇ ಪುಟ ಮೊದಲು. ನನಗೆ ಮಾತಿರುವ ಹಾಡು ಬೇಕು. ಇವರಿಗೆ ಬರೀ ವಾದ್ಯ.

ಆ ವಾದ್ಯದ ಕಥೆ ಹೇಳಲೇಬೇಕು. ರಾತ್ರಿ ಪಾತ್ರೆ ತೊಳೆಯುವುದು ಇವರ ಕೆಲಸ. ತೊಳೆಯುವಾಗ ಪಿಯಾನೊದ ಒಂದೇ ಕ್ಯಾಸೆಟ್ ಹಾಕುತ್ತಿದ್ದರು, ದಿನಾ ಅದೇ. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದೆ. ಒಮ್ಮೆ ಇವರು ಕೆಲಸದ ಮೇಲೆ ಎರಡು ವಾರ ಹೊರಗೆ ಹೋದರು. ಮೂರನೇ ರಾತ್ರಿ ಸಿಂಕಿನ ಮುಂದೆ ನಿಂತವಳಿಗೆ ಕೈ ಓಡಲಿಲ್ಲ. ಹೋಗಿ ಕ್ಯಾಸೆಟ್ ಹಾಕಿದೆ. ಎರಡನೇ ತುಣುಕಿನ ನಡುವೆ ಒಂದು ಕಡೆ ಎಡಗೈ ಸುಮ್ಮನಾಗಿ ಬಲಗೈ ಒಂದೇ ನುಡಿಸುತ್ತದೆ. ನನಗೇ ಗೊತ್ತಿಲ್ಲದೆ ಅದಕ್ಕಾಗಿ ಕಾಯುತ್ತಿದ್ದೆ. ಇದನ್ನು ಇವರಿಗೆ ಒಂದು ವರ್ಷ ಹೇಳಲಿಲ್ಲ. ಅಷ್ಟು ಜಗಳ ಮಾಡಿದ ಮೇಲೆ ಸೋಲೊಪ್ಪಿಕೊಳ್ಳುವುದು ಹೇಗೆ? 2012ರ ಪಟ್ಟಿಯಲ್ಲಿ ಐದನೇ ಸಾಲು ಅದೇ. ಓದಿ ಇವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

ಕೊನೇ ಪುಟ ಮೊದಲು ಓದುವುದು ಮಾತ್ರ ಪಟ್ಟಿಗೆ ಬಂದಿಲ್ಲ. ನಾನು ಬದುಕಿರುವವರೆಗೆ ಬರುವುದೂ ಇಲ್ಲ.

ಇನ್ನೊಂದು ವಿಷಯ, ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ ಅಂದುಕೊಳ್ಳಬೇಡಿ. 2018ರಲ್ಲಿ "ಕಿಟಕಿ ತೆರೆದು ಮಲಗುವುದು" ಹೊಡೆದುಹಾಕಿದೆವು. ಇವರಿಗೆ ಕೆಮ್ಮು ಶುರುವಾಗಿತ್ತು. ನಾನು ಗೀಟು ಎಳೆದೆ, ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿದೆವು. ನಕ್ಷೆಗಳು ಉಳಿದಿವೆ. ಅದೇ ವರ್ಷ ನೋಟ್‌ಬುಕ್ಕಿನ ಹಿಂದಿನಿಂದ ಇನ್ನೊಂದು ಪಟ್ಟಿ ಶುರು ಮಾಡಿದೆವು: ಇಬ್ಬರಿಗೂ ಆಗದ್ದು. ಯಾರೂ ನೋಡದೆ ಓಡುತ್ತಿರುವ ಟಿವಿ. ಒಬ್ಬರ ಸಂಬಳ ಕೇಳುವವರು. ನಿದ್ದೆ ಮಾಡುತ್ತಿದ್ದವರನ್ನು ಎಬ್ಬಿಸಿ "ಮಲಗಿದ್ರಾ?" ಅನ್ನುವವರು. ಒಂದೇ ಕೂತಲ್ಲಿ 23 ಸಾಲು ಬಂತು. ನನ್ನ ಕೇಳಿದರೆ, ಮದುವೆಗೆ ಮೊದಲು ಕೂಡಿಸಿ ನೋಡಬೇಕಾದ ಪಟ್ಟಿ ಇದು. ಇಷ್ಟಗಳನ್ನು ಆಮೇಲೆ ಹೇಗೋ ಕಲಿಯಬಹುದು. ಒಬ್ಬರಿಗೆ ಸಹಿಸಲಾಗದ್ದೇ ಇನ್ನೊಬ್ಬರಿಗೆ ಪ್ರಾಣವಾದರೆ ದಿನಾ ಕಷ್ಟ.

ಈಗ 25ರ ಗಲಾಟೆ ನಡೆಯುತ್ತಿದೆ. ಬೆಳ್ಳಿ ಹಬ್ಬ, ಆಗ ಮಾಡದ್ದನ್ನು ಈಗಾದರೂ ಮಾಡಿ ಅಂತ ಮಗಳಿಂದ ಹಿಡಿದು ಎಲ್ಲರೂ ಹಿಂದೆ ಬಿದ್ದಿದ್ದಾರೆ. ಆ ದಿನ ಭಾನುವಾರ. ನಮ್ಮ ನಿಯಮಕ್ಕೆ ಬರುವುದಿಲ್ಲ ಅಂದರೆ ನಗುತ್ತಾರೆ. ನಾನು ಕೇಳುವುದಿಷ್ಟೇ, ಆ ಸಂಖ್ಯೆಗಳನ್ನು ಇಟ್ಟವರು ಯಾರು? ವಜ್ರ ಮೊದಲು 75ಕ್ಕೆ ಇತ್ತು. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷವಾದಾಗ, 1897ರಲ್ಲಿ, ಅದನ್ನು ವಜ್ರ ಮಹೋತ್ಸವ ಅಂತ ಆಚರಿಸಿದರು. ಅಲ್ಲಿಂದ 60ಕ್ಕೂ ವಜ್ರ ಅಂಟಿಕೊಂಡಿತು. ಅವರು 15 ವರ್ಷ ಇಳಿಸಬಹುದಾದರೆ ನಾವು ಗುರುವಾರಕ್ಕೆ ಕಾಯಬಾರದಾ?

ಕೊನೆಗೆ ರಾಜಿಯಾದೆವು. ಹಾಲ್ ಇಲ್ಲ, ಉಡುಗೊರೆ ಇಲ್ಲ. ಅವತ್ತಿನ ಒಂಬತ್ತು ಜನರನ್ನು ಮಾತ್ರ ಮನೆಗೆ ಕರೆಯುವುದು. ಒಂಬತ್ತರಲ್ಲಿ ಈಗ ಏಳು ಜನ ಇದ್ದೇವೆ. ನಮ್ಮಪ್ಪ ಇಲ್ಲ. ಇವರ ಗೆಳೆಯರೊಬ್ಬರು ಇಲ್ಲ. ಹೋದ ವಾರ ತಮ್ಮನಿಗೆ ಫೋನ್ ಮಾಡಿ ಭಾನುವಾರ ಬಾ ಅಂದೆ. ಏನು ವಿಶೇಷ, ಎಷ್ಟು ಜನ ಅಂತ ಒಂದೂ ಕೇಳಲಿಲ್ಲ. "ಪೆನ್ನು ತರಬೇಕಾ?" ಅಂದ.