ಎತ್ತರದ ಜಾಗದಲ್ಲಿ ಹಳೆ ಟ್ರಕ್ಕಿನ ಕಾರ್ಬ್ಯುರೇಟರ್ ಟ್ಯೂನ್ ಮಾಡೋದು ಹೇಗೆ?

ಬೆಟ್ಟ ಹತ್ತಿದ ಮೇಲೆ ಹಳೆ ಪೆಟ್ರೋಲ್ ಟ್ರಕ್ಕು ಕಪ್ಪು ಹೊಗೆ ಬಿಡುತ್ತೆ, ಎಳೆಯೋದಿಲ್ಲ ಅಂತ ಕೇಳಿದ್ದೀರಿ. ಕಾರಣ ಗಾಳಿ. 3,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಪಾಲಷ್ಟೇ. ಗಾಳಿ-ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್ ಮಾತ್ರ ಪೆಟ್ರೋಲನ್ನು ಆ ಲೆಕ್ಕಕ್ಕೆ ಇಳಿಸುವುದಿಲ್ಲ. ಹಾಗಾಗಿ ಮಿಶ್ರಣ ರಿಚ್ ಆಗುತ್ತೆ, ಅಂದ್ರೆ ಗಾಳಿಗೆ ಹೋಲಿಸಿದ್ರೆ ಪೆಟ್ರೋಲ್ ಜಾಸ್ತಿ.

ಮೊದಲು ಏರ್ ಫಿಲ್ಟರ್, ಫ್ಲೋಟ್ (ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಮಟ್ಟ ಕಾಯುವ ತೇಲು) ಮಟ್ಟ ನೋಡಿ. ಇವು ಕೆಟ್ಟಿದ್ರೆ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ತುಂಡು) ಬದಲಿಸೋದು ಸುಮ್ನೆ ದಂಡ. ಆಮೇಲೆ ಮೇನ್ ಜೆಟ್ ಒಂದು ಸೈಜ್ ಚಿಕ್ಕದು ಹಾಕಿ, ಏರು ದಾರಿಯಲ್ಲಿ ಲೋಡ್ ಕೊಟ್ಟು ಓಡಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಒಣ ಕಪ್ಪು ಮಸಿ ಇದ್ರೆ ಇನ್ನೂ ರಿಚ್. ತಿಳಿ ಕಂದು ಬಣ್ಣ ಬಂದ್ರೆ ಸಾಕು. ಬೆಳ್ಳಗಾದ್ರೆ ಲೀನ್ ಆಗಿದೆ (ಪೆಟ್ರೋಲ್ ತೀರಾ ಕಡಿಮೆ), ತಕ್ಷಣ ಹಿಂದಿನ ಜೆಟ್ ಹಾಕಿ.

ಐಡಲ್ ಮಿಶ್ರಣದ ಸ್ಕ್ರೂ (ಎಂಜಿನ್ ಸುಮ್ನೆ ಓಡುವಾಗಿನ ಮಿಶ್ರಣ ಹೊಂದಿಸುವುದು) ಬಿಸಿ ಎಂಜಿನ್‌ನಲ್ಲೇ ತಿರುಗಿಸಿ. ಎಂಜಿನ್ ಗಾಳಿ ಎಳೆಯುವ ನಿರ್ವಾತವನ್ನು ಅಳೆಯುವ ವ್ಯಾಕ್ಯೂಮ್ ಗೇಜ್ ಮುಳ್ಳು ಅತಿ ಮೇಲೆ ನಿಂತ ಕಡೆ ಬಿಡಿ. ಪವರ್ ವಾಲ್ವ್ (ಲೋಡ್ ಬಿದ್ದು ವ್ಯಾಕ್ಯೂಮ್ ಇಳಿದಾಗ ಹೆಚ್ಚು ಪೆಟ್ರೋಲ್ ಬಿಡುವ ವಾಲ್ವ್) ಇರುವ ಮಾದರಿಯಾದ್ರೆ ಅದನ್ನೂ ಗಮನಿಸಿ. ಎತ್ತರದಲ್ಲಿ ವ್ಯಾಕ್ಯೂಮ್ ಕಡಿಮೆ, ಆ ವಾಲ್ವ್ ಬೇಗ ತೆರೆದುಕೊಂಡು ಪೆಟ್ರೋಲ್ ಜಾಸ್ತಿ ಸುರಿಯುತ್ತೆ. ಬಹಳ ಜನ ಇದನ್ನೇ ಮರೆಯೋದು.

ಟೈಮಿಂಗ್ (ಪ್ಲಗ್‌ನಲ್ಲಿ ಕಿಡಿ ಹಾರುವ ಹೊತ್ತು) ಒಂದೆರಡು ಡಿಗ್ರಿ ಮುಂದಿಟ್ಟರೆ ಎಳೆತ ಸ್ವಲ್ಪ ಸುಧಾರಿಸುತ್ತೆ. ಕಳೆದ ಪವರ್ ಪೂರ್ತಿ ವಾಪಸ್ ಬರಲ್ಲ.

ಕೆಳಗೆ ಇಳಿಯುವ ಮುನ್ನ ಹಳೆ ಜೆಟ್, ಹಳೆ ಟೈಮಿಂಗ್ ಎರಡನ್ನೂ ಮತ್ತೆ ಕೂರಿಸಲೇಬೇಕು. ಇಲ್ಲದಿದ್ರೆ ಲೀನ್ ಓಡಿ ವಾಲ್ವ್, ಪಿಸ್ಟನ್ ಸುಟ್ಟುಹೋಗಬಹುದು.